ನೀರಿನಲ್ಲಿ ಕರಗದ ಮದ್ದು

ಸಂಶೋಧನಾ ಕೇಂದ್ರದಲ್ಲಿ ಅವಳನ್ನು ಎಲ್ಲರೂ ಸೊಪ್ಪಿನಮ್ಮ ಎಂದೇ ಕರೆಯುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಆದರೆ ಆ ಹೆಸರು ಹಿಡಿದು ಯಾರಾದರೂ ಕೂಗಿದರೆ, ಇನ್ಯಾರನ್ನೋ ಕೂಗುತ್ತಿದ್ದಾರೆ ಎಂದುಕೊಂಡು ಅವಳು ತನ್ನ ಪಾಡಿಗೆ ಕೆಲಸ ಮುಂದುವರಿಸುತ್ತಿದ್ದಳು. ಹತ್ತೊಂಬತ್ತು ವರ್ಷದಿಂದ ಅವಳದು ಒಂದೇ ಕೆಲಸ. ಮೂಟೆಯಲ್ಲಿ ಬಂದ ಸೊಪ್ಪನ್ನು ಮೂರು ನೀರಿನಲ್ಲಿ ತೊಳೆಯಬೇಕು, ಬಿಸಿಲು ತಾಗದ ಕೋಣೆಯಲ್ಲಿ ತಂತಿಬಲೆಯ ಮೇಲೆ ಹರಡಬೇಕು, ಎರಡು ಗಂಟೆಗೊಮ್ಮೆ ಮಗುಚಬೇಕು. ದಂಟು ಮುರಿದರೆ ಟಪ್ಪೆಂದು ಸದ್ದಾಗುವಷ್ಟು ಒಣಗಿದ ಮೇಲೆ ಗಿರಣಿಗೆ ಹಾಕಿ, ಪುಡಿಯನ್ನು ದೊಡ್ಡ ಗಾಜಿನ ಜಾಡಿಗಳಲ್ಲಿ ಸ್ಪಿರಿಟ್ಟಿಗೆ ನೆನೆಹಾಕಬೇಕು. ಮೂಗಿಗೆ ಎಷ್ಟು ಬಟ್ಟೆ ಕಟ್ಟಿಕೊಂಡರೂ ಸಂಜೆ ಸೀನಿದರೆ ಕರವಸ್ತ್ರ ಹಸಿರಾಗುತ್ತಿತ್ತು.

ಅವಳ ಕೈ ದಾಟಿದ ಸೊಪ್ಪು ಮೇಲಿನ ಮಹಡಿಗೆ ಹೋಗುತ್ತಿತ್ತು. ಅಲ್ಲಿ ಅದನ್ನು ಸೋಸಿ, ಕಾಯಿಸಿ, ಬೇರ್ಪಡಿಸಿ, ಕೊನೆಗೆ ಹಳದಿ ಪುಡಿಯೊಂದನ್ನು ತೆಗೆಯುತ್ತಿದ್ದರು. ಒಂದು ಮೂಟೆ ಸೊಪ್ಪಿಗೆ ಚಹಾ ಚಮಚದ ತುದಿಯಲ್ಲಿ ನಿಲ್ಲುವಷ್ಟು ಪುಡಿ. ಆ ಲೆಕ್ಕ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅದು ಬೇಕಾದ ಹೊತ್ತಿಗೆ ನೆನಪಿಗೆ ಬರಲಿಲ್ಲ.

ಎಷ್ಟೋ ಗಿಡಗಳು ಬಂದವು, ಹೋದವು. ಕೊನೆಗೆ ನಿಂತದ್ದು ಹದಿನೇಳನೆಯ ನಂಬರಿನ ಬಳ್ಳಿ. ಕೇಂದ್ರದ ಹಿಂದಿನ ಬೇಲಿಗೇ ಅದು ಹಬ್ಬಿಕೊಂಡಿತ್ತು. ಅದರ ಹಳದಿ ಪುಡಿಯನ್ನು ಹಿಡಿದು ಐದು ವರ್ಷದಿಂದ ಒಬ್ಬ ಸಂಶೋಧಕಿ ಕೂತಿದ್ದಳು. ಮೂವತ್ತರ ಒಳಗಿನ ಹುಡುಗಿ, ಮಾತು ಕಡಿಮೆ, ಊಟದ ಡಬ್ಬಿ ತೆಗೆಯಲೂ ಮರೆಯುವವಳು. ಆ ಪುಡಿಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳೊಳಗೆ ತುಂಬಿ, ಎದೆಯ ಕ್ಯಾನ್ಸರ್ ಬರಿಸಿದ ಇಲಿಗಳಿಗೆ ಚುಚ್ಚುವುದು ಅವಳ ಕೆಲಸ. ಒಂದು ಕೂದಲಿನ ಅಗಲದಲ್ಲಿ ಅಂಥ ಎಂಟುನೂರು ಕಣಗಳನ್ನು ಸಾಲಾಗಿ ನಿಲ್ಲಿಸಬಹುದಂತೆ. "ನ್ಯಾನೊ ಕಣ" ಎಂದು ಅವಳು ಹೇಳಿದಾಗ ಸೊಪ್ಪಿನಮ್ಮ ಹೂಂಗುಟ್ಟಿದ್ದಳು. ಮಾತ್ರೆಗೆ ಸಕ್ಕರೆ ಲೇಪ ಹಚ್ಚುತ್ತಾರಲ್ಲ, ಬಾಯಿಗೆ ಕಹಿಯಾಗದಿರಲಿ ಅಂತ, ಇದೂ ಅಂಥದ್ದೇ ಏನೋ ಎಂದು ಅವಳ ತಿಳುವಳಿಕೆ.

ಒಂದು ದಿನ ಸಂಶೋಧಕಿ ತಾನಾಗಿಯೇ ಕೆಳಗಿಳಿದು ಬಂದು ಫೋನಿನಲ್ಲಿ ಎರಡು ಫೋಟೊ ತೋರಿಸಿದಳು. ಒಂದರಲ್ಲಿ ಇಲಿಯ ಪಕ್ಕೆಯಲ್ಲಿ ಕಡಲೆಕಾಳಿನ ಗಾತ್ರದ ಗಡ್ಡೆ. ಇನ್ನೊಂದು ಮೂರು ವಾರದ ಮೇಲಿನದು. ಗಡ್ಡೆ ಇದ್ದ ಜಾಗ ಸಪಾಟಾಗಿತ್ತು.

"ಇದು ನೀವು ಒಣಗಿಸಿದ ಸೊಪ್ಪಿಂದ ಆಗಿದ್ದು, ಸೊಪ್ಪಿನಮ್ಮ," ಎಂದಳು.

ಹತ್ತೊಂಬತ್ತು ವರ್ಷದಲ್ಲಿ ಮೇಲಿನ ಮಹಡಿಯವರು ಅವಳಿಗೆ ಹಾಗೆ ಹೇಳಿದ್ದು ಅದೇ ಮೊದಲು. ಆ ಮಾತನ್ನು ಬಿಸಿಯಾರುವ ಮುಂಚೆ ಮನೆಗೆ ಒಯ್ಯಬೇಕೆಂದು ಅವಳು ಅವತ್ತು ಬಸ್ಸಿಗೂ ಕಾಯದೆ ನಡೆದೇ ಹೋದಳು.

ಮನೆಯೆಂದರೆ ಅಕ್ಕನ ಹೊಲಿಗೆ ಅಂಗಡಿಯ ಹಿಂದಿನ ಎರಡು ಕೋಣೆ. ಮೂವರು ಹೆಂಗಸರು. ಮದುವೆಯಾಗದೆ ಉಳಿದ ಸೊಪ್ಪಿನಮ್ಮ, ಗಂಡ ಸತ್ತು ಹದಿನಾಲ್ಕು ವರ್ಷವಾಗಿದ್ದ ಅಕ್ಕ, ಶಾಲೆಯಲ್ಲಿ ಟೀಚರಾಗಿದ್ದ ಅಕ್ಕನ ಮಗಳು. ಅಕ್ಕ ಹೊಲಿಯುತ್ತಿದ್ದದ್ದು ಹೆಂಗಸರ ಬಟ್ಟೆ. ಅಳತೆ ಪಟ್ಟಿ ಸದಾ ಕೊರಳಲ್ಲಿ, ಗುಂಡುಸೂಜಿ ಸದಾ ತುಟಿಯಲ್ಲಿ. ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದಳು, ಒಂದು ದಿನವೂ ಚುಚ್ಚಿಕೊಂಡವಳಲ್ಲ.

"ಹಾಗಾದ್ರೆ ಇಲಿರಾಯರು ಆರೋಗ್ಯ," ಎಂದಳು ಅಕ್ಕ, ತಂಗಿಯ ವರದಿ ಕೇಳಿ. "ನೀನು ಜೀವಮಾನವೆಲ್ಲ ಇಲಿ ಸೇವೆ ಮಾಡಿದ್ದು ಸಾರ್ಥಕ ಆಯ್ತು."

"ನಗು ನೀನು. ಇವತ್ತು ಇಲಿಗೆ, ನಾಳೆ ಮನುಷ್ಯರಿಗೆ. ನಮ್ಮ ಬೇಲಿ ಬಳ್ಳಿ ಕ್ಯಾನ್ಸರನ್ನೇ ಕರಗಿಸುತ್ತೆ ಅಂದ್ರೆ ಸಾಮಾನ್ಯಾನಾ?"

ಆಮೇಲೆ ಎಷ್ಟೋ ದಿನ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಅವಳು ಇದನ್ನೇ ಹೇಳಿದಳು. ಅಳತೆ ಕೊಡಲು ಕೈಯೆತ್ತಿ ನಿಂತ ಹೆಂಗಸರು ಬೇರೆ ದಾರಿಯಿಲ್ಲದೆ ಕೇಳಿಸಿಕೊಂಡರು.

ಒಂದು ವರ್ಷ ಕಳೆದಿರಬೇಕು. ತನಗೇ ಒಂದು ಮೇಲಂಗಿ ಹೊಲಿದುಕೊಂಡು ಕನ್ನಡಿಯ ಮುಂದೆ ಹಾಕಿ ನೋಡುವಾಗ ಅಕ್ಕನ ಬಲಗಡೆ ಎದೆಯಲ್ಲಿ ಬಟ್ಟೆ ಸರಿಯಾಗಿ ಕೂರಲಿಲ್ಲ. ಹೊಲಿಗೆ ತಪ್ಪೆಂದು ಎರಡು ಸಲ ಬಿಚ್ಚಿ ಹೊಲಿದಳು. ಮೂರನೆಯ ಸಲ ಹೊಲಿಗೆ ಬಿಟ್ಟು ಮೈ ಮುಟ್ಟಿ ನೋಡಿಕೊಂಡಳು.

ದೊಡ್ಡಾಸ್ಪತ್ರೆಗೆ ಅಕ್ಕತಂಗಿ ಇಬ್ಬರೇ ಹೋದರು. ಸೂಜಿ ಹಾಕಿ ತೆಗೆದ ಚೂರಿನ ಫಲಿತಾಂಶ ಬಂದ ದಿನ ಸರ್ಜನ್ ಇಬ್ಬರನ್ನೂ ಕೂರಿಸಿಕೊಂಡು ನಿಧಾನವಾಗಿ ಹೇಳಿದರು. ಕ್ಯಾನ್ಸರೇ. ಎರಡು ಸೆಂಟಿಮೀಟರ್ ಇದೆ, ಬೇರೆಲ್ಲೂ ಹೋಗಿಲ್ಲ. ಆದರೆ ಬೇಗ ಬೆಳೆಯುವ ಜಾತಿ.

"ಈಗಲೇ ಬಂದಿದ್ದು ಒಳ್ಳೇದಾಯ್ತಮ್ಮ. ಆಪರೇಷನ್ ಮಾಡೋಣ, ಆಮೇಲೆ ಔಷಧಿ. ಈ ಹಂತದಲ್ಲಿ ಬಂದವರಲ್ಲಿ ಹೆಚ್ಚಿನವರು ಗುಣ ಆಗ್ತಾರೆ. ಆದ್ರೆ ತಡ ಮಾಡಬೇಡಿ."

ಕಂಕುಳಿನ ಗಂಟುಗಳನ್ನೂ ತೆಗೆಯಬೇಕಾಗಬಹುದು, ಕೆಲವರಿಗೆ ಆಮೇಲೆ ಕೈ ಬಾತುಕೊಳ್ಳುತ್ತದೆ, ಅದಕ್ಕೆ ವ್ಯಾಯಾಮವಿದೆ ಎಂದೂ ಅವರು ಹೇಳಿದರು. ಹೇಳಬೇಕಾದ್ದನ್ನು ಹೇಳಿದ್ದು. ಅಕ್ಕನ ಕಿವಿಗೆ ಬಿದ್ದದ್ದು ಅದೊಂದೇ. ಅವಳ ಗಿರಾಕಿಯೊಬ್ಬಳಿಗೆ ಹಾಗೆ ಕೈ ಬಾತಿತ್ತು. ಆಕೆಗೆಂದು ಒಂದು ತೋಳು ಅಗಲ, ಒಂದು ತೋಳು ಕಿರಿದಾಗಿ ಬಟ್ಟೆ ಹೊಲಿದುಕೊಟ್ಟವಳು ಅಕ್ಕನೇ.

ಮನೆಗೆ ಬಂದ ಮೇಲೆ ಅಂಗಡಿಯ ಬಾಗಿಲು ಮುಂದೆ ಮಾಡಿ ಅಕ್ಕ ಕತ್ತರಿ ಕೈಗೆತ್ತಿಕೊಂಡಳು. ಬಟ್ಟೆಯಿರಲಿಲ್ಲ. ಗಾಳಿಯಲ್ಲೇ ಎರಡು ಸಲ ಆಡಿಸಿದಳು.

"ಈ ಕೈ ಹೋದ್ರೆ ನಾನು ಯಾತಕ್ಕೆ ಬೇಕು ಹೇಳು."

"ಕೈ ಹೋಗುತ್ತೆ ಅಂತ ಯಾರಂದ್ರು? ಕೆಲವರಿಗೆ ಅಂದ್ರು."

"ಆ ಕೆಲವರಲ್ಲಿ ನಾನು ಇರ್ತೀನಿ. ನನ್ನ ಹಣೆಬರಹ ನಂಗೆ ಗೊತ್ತು." ಕತ್ತರಿ ಕೆಳಗಿಟ್ಟು, ತಂಗಿಯ ಮುಖ ನೋಡದೆ ಕೇಳಿದಳು: "ನಿಮ್ಮಲ್ಲಿ ಆ ಬಳ್ಳಿ ಇದೆಯಲ್ಲ. ಗಡ್ಡೆ ಕರಗುತ್ತೆ ಅಂದಿದ್ದೆ."

"ಅದು ಇಲಿಗೆ ಕಣೆ."

"ನಾಳೆ ಮನುಷ್ಯರಿಗೆ ಅಂದವಳು ನೀನೇ ತಾನೆ? ಹಿತ್ತಲ ಗಿಡ ಮದ್ದಲ್ಲ ಅಂತಾರೆ ಜನ. ನಿನ್ನ ಹಿತ್ತಲಲ್ಲಿ ಇರೋದು ಮದ್ದೇ ಅಂತ ನೀನೇ ಊರಿಗೆಲ್ಲ ಹೇಳಿದ್ದೀಯ. ಮೂರು ತಿಂಗಳು ನೋಡೋಣ. ಕಮ್ಮಿ ಆಗ್ಲಿಲ್ಲ ಅಂದ್ರೆ ಕೊಯ್ಯೋರು ಎಲ್ಲಿಗೂ ಓಡಿ ಹೋಗಲ್ಲ."

ಆಗ ಬೇಡವೆನ್ನಬಹುದಿತ್ತು. ಮೇಲಿನ ಮಹಡಿಗೆ ಹೋಗಿ ಸಂಶೋಧಕಿಯನ್ನು ಒಂದು ಮಾತು ಕೇಳಬಹುದಿತ್ತು. ಕೇಳಿದರೆ ಸೊಪ್ಪು ಒಯ್ಯಬೇಡ ಎಂದಾರೆಂಬ ಅಂಜಿಕೆ ಒಂದು ಕಡೆ. ತಾನು ಇಷ್ಟು ವರ್ಷ ಮಾಡಿದ ಕೆಲಸ ಅಕ್ಕನ ಜೀವ ಉಳಿಸಿದರೆ ಎಂಬ ಆಸೆ ಇನ್ನೊಂದು ಕಡೆ. ಅಂಜಿಕೆಗಿಂತ ಆಸೆಯೇ ಹೆಚ್ಚು ತೂಗಿತು ಎಂದು ಆಮೇಲೆ ಅವಳೇ ಹೇಳಿಕೊಳ್ಳುತ್ತಿದ್ದಳು. ಆಸೆ ಎಂಬುದು ಒಳ್ಳೆಯ ಹೆಸರು. ಅದರೊಳಗೆ ಇದ್ದದ್ದು ಜಂಬ.

ಬೇಲಿಯ ಸೊಪ್ಪು ಕಿತ್ತು, ತನ್ನದೇ ಬಲೆಯ ಮೂಲೆಯಲ್ಲಿ ಒಣಗಿಸಿ, ಊಟದ ಡಬ್ಬಿಯಲ್ಲಿ ತಂದಳು. ದಿನಕ್ಕೆ ಎರಡು ಹೊತ್ತು ಒಂದು ಹಿಡಿ ಕುದಿಸಿ, ಸೋಸಿ ಕೊಟ್ಟಳು. ಕಹಿಯೆಂದರೆ ಅಂಥಿಂಥ ಕಹಿಯಲ್ಲ. ಕುಡಿದ ಮೇಲೆ ಅರ್ಧ ಗಂಟೆ ಅಕ್ಕನ ಮುಖ ಹಿಂಡಿದ ಬಟ್ಟೆಯ ಹಾಗಿರುತ್ತಿತ್ತು. ಇಷ್ಟು ಕಹಿಯಿದ್ದ ಮೇಲೆ ಕೆಲಸ ಮಾಡದೆ ಇರುತ್ತದೆಯೇ ಎಂದು ಇಬ್ಬರೂ ನಂಬಿದರು. ಮಗಳಿಗೆ ಸತ್ಯ ಹೇಳಲಿಲ್ಲ. ಕೊಬ್ಬಿನ ಗಂಟಂತೆ, ಔಷಧಿ ಕೊಟ್ಟಿದ್ದಾರೆ ಎಂದರು. ಮಗಳು ಶಾಲೆಯ ಪರೀಕ್ಷೆಯ ಗಡಿಬಿಡಿಯಲ್ಲಿದ್ದಳು, ನಂಬಿದಳು.

ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಅಕ್ಕ ಅಂಗಿಯ ಗುಂಡಿ ಬಿಚ್ಚಿ, "ಮುಟ್ಟಿ ನೋಡು, ಕಮ್ಮಿ ಆಗಿದೆಯಾ?" ಎಂದಳು. ಸೊಪ್ಪಿನಮ್ಮ ಮುಟ್ಟಿದಳು. ಗಡ್ಡೆ ಮೊದಲಿನಷ್ಟೇ ಇತ್ತು, ಒಂದು ಗುಲಗಂಜಿ ಹೆಚ್ಚೇ ಇತ್ತೇನೋ. ಅಕ್ಕನ ಕಣ್ಣು ಅವಳ ಬೆರಳುಗಳನ್ನು ಬಿಟ್ಟು ಕದಲಿರಲಿಲ್ಲ.

"ಕಮ್ಮಿ ಆದ ಹಾಗಿದೆ," ಎಂದಳು ಸೊಪ್ಪಿನಮ್ಮ. "ಮೆತ್ತಗೂ ಆಗಿದೆ."

ಅವತ್ತು ಅಕ್ಕ ಮಧ್ಯಾಹ್ನ ಎರಡು ಸಲ ಬಡಿಸಿಕೊಂಡು ಉಂಡಳು.

ಮೂರು ತಿಂಗಳು ಕಳೆದು ನಾಲ್ಕಾಯಿತು. ಆಸ್ಪತ್ರೆಯಿಂದ ಎರಡು ಸಲ ಫೋನ್ ಬಂತು, ಅಕ್ಕ ಎತ್ತಲಿಲ್ಲ. ಐದನೆಯ ತಿಂಗಳಿಗೆ ಗಡ್ಡೆ ಬೆಳೆದಿದೆ ಎಂಬುದು ಮುಟ್ಟದೆಯೇ ತಿಳಿಯುವಂತಾಯಿತು. ಒಡೆಯುವ ಮುಂಚೆ ಒಮ್ಮೆ ಬೆಳೆಯುತ್ತದೆ ಎಂದು ಯಾರೋ ಗಿರಾಕಿ ಹೇಳಿದಳು. ಅಕ್ಕ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮುಳುಗುವವಳಿಗೆ ಹುಲ್ಲುಕಡ್ಡಿ. ಸೊಪ್ಪಿನಮ್ಮ ಒಂದು ಹಿಡಿಯ ಬದಲು ಎರಡು ಹಿಡಿ ಹಾಕಿದಳು. ಏಳನೆಯ ತಿಂಗಳಲ್ಲಿ ಬಟ್ಟೆ ಒಗೆಯುತ್ತಿದ್ದ ಮಗಳು ತಾಯಿಯ ಒಳಅಂಗಿಯ ಮೇಲೆ ಕಲೆ ನೋಡಿದಳು. ವಾಸನೆಯೂ ಇತ್ತು. ಒದ್ದೆ ಬಟ್ಟೆಯನ್ನು ಹಿಡಿದುಕೊಂಡೇ ಅಂಗಡಿಗೆ ಬಂದು ನಿಂತಳು.

"ಅಮ್ಮಾ, ಇದೇನು?"

ಹೊಲಿಗೆ ಯಂತ್ರ ನಿಂತಿತು. ಅಕ್ಕ ತಂಗಿಯ ಕಡೆ ನೋಡಿದಳು. ಮಗಳೂ ಚಿಕ್ಕಮ್ಮನ ಕಡೆ ತಿರುಗಿದಳು. ಇಬ್ಬರ ನಡುವೆ ನಿಂತು ಸೊಪ್ಪಿನಮ್ಮ ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದಳು. ಹುಡುಗಿ ಕೂಗಾಡಲಿಲ್ಲ. ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಕೈ ಒರೆಸಿಕೊಂಡಳು.

"ಚಿಕ್ಕಮ್ಮ, ನೀವು ಅಲ್ಲೇ ಕೆಲಸ ಮಾಡ್ತೀರಿ. ಅಲ್ಲಿ ಓದಿದವರು ತುಂಬಿದ್ದಾರೆ. ಒಬ್ಬರನ್ನ, ಒಬ್ಬರನ್ನಾದ್ರೂ ಕೇಳಿದ್ರಾ?"

ಮರುದಿನ ಕೇಳಿದಳು. ಕೇಳಬೇಕಾದ ದಿನ ಕಳೆದು ಏಳು ತಿಂಗಳಾದ ಮೇಲೆ ಮೆಟ್ಟಿಲು ಹತ್ತಿ, ಸಂಶೋಧಕಿಯ ಮೇಜಿನ ಮುಂದೆ ನಿಂತು ಹೇಳಿದಳು. ಸಂಶೋಧಕಿ ಕೈಗವಸು ಕಳಚುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿದಳು.

"ನೀರಲ್ಲಿ ಕುದಿಸಿದ್ರಾ?"

"ಹೌದು ಮೇಡಂ."

"ಅದು ನೀರಲ್ಲಿ ಕರಗೋದೇ ಇಲ್ಲ, ಸೊಪ್ಪಿನಮ್ಮ. ಕರಗೋ ಹಾಗಿದ್ರೆ ನಾನು ಇಷ್ಟು ವರ್ಷ ಇಲ್ಲಿ ಕೂತು ಏನು ಮಾಡ್ತಿದ್ದೆ?" ಕೈಗವಸು ಕಿತ್ತು ಮೇಜಿನ ಮೇಲೆ ಹಾಕಿದಳು. "ನೀವೇ ಸ್ಪಿರಿಟ್ಟಲ್ಲಿ ನೆನೆ ಹಾಕ್ತೀರಲ್ಲ, ಯಾಕೆ ಅಂದ್ಕೊಂಡ್ರಿ? ಪುಡೀನೇ ತಿಂದ್ರೂ ಅಷ್ಟೆ. ಮುಕ್ಕಾಲು ಹಾಗೇ ಹೊರಗೆ ಹೋಗುತ್ತೆ. ಉಳಿದಿದ್ದನ್ನ ಲಿವರ್ರು ಮುರಿದು ಹಾಕುತ್ತೆ. ಗಡ್ಡೆವರೆಗೆ ಹೋಗಿ ಮುಟ್ಟೋದು ಏನೂ ಇಲ್ಲ. ಅದಕ್ಕೇ ಕಣದೊಳಗೆ ಇಟ್ಟು ರಕ್ತಕ್ಕೆ ಬಿಡೋದು. ಕಣದ ಮೈಗೆ ಹುಕ್ಕಿನ ಥರದ್ದು ಒಂದು ಅಂಟಿಸಿರ್ತೀವಿ. ಕ್ಯಾನ್ಸರಿನ ಜೀವಕೋಶದ ಮೇಲೆ ಅದಕ್ಕೆ ಹೊಂದೋ ಕುಣಿಕೆ ಜಾಸ್ತಿ ಇರುತ್ತೆ. ಅಲ್ಲಿ ಹೋಗಿ ಸಿಕ್ಕಿಕೊಂಡು ಒಳಗೆ ಸೇರಿ, ಆಮೇಲೆ ಔಷಧಿ ಬಿಡುತ್ತೆ. ಕಣ ಇಲ್ದೆ ಇದ್ರೆ ಅದು ಬರೀ ಸೊಪ್ಪು."

ಬರೀ ಸೊಪ್ಪು. ಸಕ್ಕರೆ ಲೇಪವೆಂದು ತಾನು ತಿಳಿದದ್ದೇ ಅಸಲಿ ಮದ್ದಿನ ಮುಕ್ಕಾಲು ಪಾಲು ಎಂಬುದು ಸೊಪ್ಪಿನಮ್ಮನಿಗೆ ಆಗ ತಿಳಿಯಿತು.

"ಆ ಕಣ ನನ್ನ ಅಕ್ಕನಿಗೆ ಕೊಡಿ," ಎಂದಳು.

"ಕೊಡೋಕಾಗಲ್ಲ."

"ಇಲಿಗೆ ಕೊಟ್ಟಿದ್ದೀರಿ."

"ಇಲಿ ಇಪ್ಪತ್ತು ಗ್ರಾಂ ಇರುತ್ತೆ. ನಿಮ್ಮ ಅಕ್ಕನಿಗೆ ಆಗೋಷ್ಟು ಮಾಡೋಕೆ ಈ ಕೋಣೆಯಲ್ಲಿ ವರ್ಷಗಟ್ಟಲೆ ಬೇಕು. ಮಾಡಿದ್ರೂ ಮನುಷ್ಯರ ಲಿವರಿಗೆ, ಕಿಡ್ನಿಗೆ ಏನು ಮಾಡುತ್ತೋ ನಂಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ನೋಡೇ ಇಲ್ಲ ಇನ್ನೂ. ಅವರನ್ನ ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ದಯವಿಟ್ಟು." ಆಮೇಲೆ, ಸೊಪ್ಪಿನಮ್ಮ ಬಾಗಿಲ ಬಳಿ ಹೋದಾಗ, ಹಿಂದಿನಿಂದ ಸಣ್ಣ ದನಿಯಲ್ಲಿ ಹೇಳಿದಳು: "ಆ ಫೋಟೊ ತೋರಿಸಿದ ದಿನ ನಾನೇ ಸರಿಯಾಗಿ ಹೇಳಬೇಕಿತ್ತು."

ಹೌದು, ಹೇಳಬೇಕಿತ್ತು. ಆದರೆ ಆ ಮಾತಿನ ಮೇಲೆ ಭಾರ ಹಾಕಿ ತನ್ನ ಹೊರೆ ಇಳಿಸಿಕೊಳ್ಳಲು ಸೊಪ್ಪಿನಮ್ಮನಿಗೆ ಮನಸ್ಸು ಬರಲಿಲ್ಲ.

ಆಸ್ಪತ್ರೆಯಲ್ಲಿ ಅದೇ ಸರ್ಜನ್ ಇದ್ದರು. ಕಾಗದ ತಿರುವಿ ತಾರೀಕು ನೋಡಿದರು, ಗಾಯ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಇನ್ನೂ ಏನೋ ಉಳಿದಿದೆ ಎಂದು ಧೈರ್ಯವಾಗುತ್ತಿತ್ತು. ಕ್ಯಾನ್ಸರ್ ಲಿವರಿಗೂ ಬೆನ್ನುಮೂಳೆಗೂ ಹೋಗಿತ್ತು. ಕೊಯ್ದು ಪ್ರಯೋಜನವಿಲ್ಲ, ಔಷಧಿ ಕೊಟ್ಟು ನೋಡೋಣ ಎಂದರು. ಕೊಟ್ಟರು. ಕೂದಲು ಉದುರಿತು, ಬಾಯಿ ಹುಣ್ಣಾಯಿತು. ಯಾವ ಕೈಗೆ ಹೆದರಿ ಅಕ್ಕ ಇಷ್ಟೆಲ್ಲ ಮಾಡಿದ್ದಳೋ ಆ ಬಲಗೈ, ಕಂಕುಳಿನ ಗಂಟು ಒತ್ತಿ, ಆಪರೇಷನ್ ಇಲ್ಲದೆಯೇ ದಿಂಬಿನ ಹಾಗೆ ಬಾತುಕೊಂಡಿತು.

ಮಗಳು ರಜೆ ಹಾಕಿ ತಾಯಿಯ ಹತ್ತಿರ ಕೂತಳು. ಚಿಕ್ಕಮ್ಮನ ಜೊತೆ ಬೇಕಾದಷ್ಟೇ ಮಾತು. ಬಿಸಿನೀರು ಇದೆಯಾ, ಮಾತ್ರೆ ಎಲ್ಲಿ, ಹೊತ್ತಾಯ್ತು. ಗಾಯ ತೊಳೆಯುವ ಕೆಲಸವನ್ನು ಒಂದು ದಿನವೂ ಚಿಕ್ಕಮ್ಮನಿಗೆ ಬಿಟ್ಟುಕೊಡಲಿಲ್ಲ. ಒಮ್ಮೆ ಮಗಳು ಔಷಧಿ ಅಂಗಡಿಗೆ ಹೋಗಿದ್ದಾಗ ಅಕ್ಕ ಕಣ್ಣು ತೆರೆದು ತಂಗಿಯನ್ನು ಹತ್ತಿರ ಕರೆದಳು.

"ನಿನ್ನ ಮೇಲೆ ನಂಗೇನೂ ಇಲ್ಲ. ಕೇಳಿದವಳು ನಾನು. ತಂದುಕೊಡು ಅಂತ ಗಂಟು ಬಿದ್ದವಳು ನಾನು."

ಸೊಪ್ಪಿನಮ್ಮ ಅಕ್ಕನ ಹೊದಿಕೆ ಸರಿಮಾಡಿದಳು.

"ಒಂದೇ ಒಂದು ಹೇಳು. ಆ ಭಾನುವಾರ ಮುಟ್ಟಿ ನೋಡಿ ಕಮ್ಮಿ ಆಗಿದೆ ಅಂದ್ಯಲ್ಲ. ನಿಜವಾಗ್ಲೂ ಕಮ್ಮಿ ಆಗಿತ್ತಾ?"

ಸುಳ್ಳು ಹೇಳುವುದು ಸುಲಭವಿತ್ತು. ಒಮ್ಮೆ ಹೇಳಿದ್ದ ಸುಳ್ಳೇ, ಇನ್ನೊಮ್ಮೆ ಹೇಳಿದರಾಯಿತು. ಸಾಯುವವಳ ಮುಂದೆ ಆಗಲಿಲ್ಲ.

"ಇಲ್ಲ," ಎಂದಳು.

ಅಕ್ಕ ಬಹಳ ಹೊತ್ತು ಅವಳ ಮುಖವನ್ನೇ ನೋಡಿದಳು. ಆಮೇಲೆ ಬಾತ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ಪಕ್ಕಕ್ಕಿಟ್ಟುಕೊಂಡು ಗೋಡೆಯ ಕಡೆ ಹೊರಳಿದಳು. ಅದಾದ ಮೇಲೆ ಹತ್ತೊಂಬತ್ತು ದಿನ ಬದುಕಿದ್ದಳು. ತಂಗಿ ಕೊಟ್ಟ ನೀರು ಕುಡಿದಳು, ಗಂಜಿ ಕುಡಿದಳು, ಮಾತು ಮಾತ್ರ ಆಡಲಿಲ್ಲ. ನಿನ್ನ ಮೇಲೆ ನಂಗೇನೂ ಇಲ್ಲ ಎಂದಿದ್ದ ಆ ಮಾತು ಉತ್ತರ ಕೇಳುವ ಮುಂಚಿನದು ಎಂಬುದನ್ನು ಸೊಪ್ಪಿನಮ್ಮ ಮರೆಯಲಿಲ್ಲ.

ಅಂಗಡಿ ಮುಚ್ಚಿತು. ಮಗಳು ಶಾಲೆಯ ಹತ್ತಿರ ಬೇರೆ ಕೋಣೆ ಹಿಡಿದು ಹೋದಳು. ಹೋಗುವಾಗ ಹೊಲಿಗೆ ಯಂತ್ರ ಒಯ್ದಳು, ವಿಳಾಸ ಕೊಟ್ಟಳು, ಬನ್ನಿ ಎನ್ನಲಿಲ್ಲ.

ಕೆಲಸ ಬಿಟ್ಟರೆ ಬೇರೇನೂ ಉಳಿದಿರಲಿಲ್ಲವಾದ್ದರಿಂದ ಸೊಪ್ಪಿನಮ್ಮ ಕೆಲಸಕ್ಕೆ ಹೋದಳು. ಅದೇ ವರ್ಷ ಹದಿನೇಳನೆಯ ಬಳ್ಳಿಯ ಸಂಶೋಧನೆಗೆ ದೊಡ್ಡ ಬಹುಮಾನ ಬಂತು. ಸಭಾಂಗಣದಲ್ಲಿ ನಿರ್ದೇಶಕರು ಮಾತಾಡಿದರು, ಪರದೆಯ ಮೇಲೆ ಇಲಿಯ ಆ ಎರಡು ಫೋಟೊ ಗೋಡೆಯಷ್ಟು ದೊಡ್ಡದಾಗಿ ಬಂದವು, ಎಲ್ಲರೂ ಚಪ್ಪಾಳೆ ತಟ್ಟಿದರು. ಸೊಪ್ಪಿನಮ್ಮನೂ ಹಿಂದಿನ ಸಾಲಿನಲ್ಲಿ ಕೂತು ತಟ್ಟಿದಳು. ತಟ್ಟದಿದ್ದರೆ ಪಕ್ಕದವರು ನೋಡುತ್ತಾರೆ.

ಮನುಷ್ಯರ ಮೇಲೆ ಪರೀಕ್ಷೆ ಯಾವಾಗ ಎಂದು ಅವಳು ಸಂಶೋಧಕಿಯನ್ನು ಕೇಳಿದಳು. ಸಂಶೋಧಕಿ ಅವತ್ತು ಮೇಜು ಖಾಲಿ ಮಾಡುತ್ತಿದ್ದಳು.

"ಅದಕ್ಕೆ ಹತ್ತು ವರ್ಷ ಬೇಕಂತೆ, ಯಾವ ಕಂಪನಿಯೂ ಮುಂದೆ ಬರಲಿಲ್ಲ. ಕಣಗಳನ್ನ ಒಂದು ಕ್ರೀಮ್ ಕಂಪನಿಯವರು ತಗೊಂಡ್ರು. ಮುಖಕ್ಕೆ ಹಚ್ಚೋ ಕ್ರೀಮು. ಸುಕ್ಕು ಹೋಗೋಕೆ. ಅದಕ್ಕೆ ಅಷ್ಟೆಲ್ಲ ಪರೀಕ್ಷೆ ಬೇಡ." ಕಪಾಟಿನ ಬಾಗಿಲು ಹಾಕಿದಳು. "ನಂಗೂ ಅಲ್ಲೇ ಕೆಲಸ ಸಿಕ್ಕಿದೆ."

"ಔಷಧಿ?"

"ಫ್ರೀಜರಲ್ಲಿದೆ."

ಹುಡುಗಿಯ ಕಣ್ಣು ತುಂಬಿತ್ತು. ಸೊಪ್ಪಿನಮ್ಮ ಅವಳ ಪೆಟ್ಟಿಗೆಯ ಒಂದು ತುದಿ ಹಿಡಿದು ಗೇಟಿನವರೆಗೆ ಸಾಗಿಸಿಕೊಟ್ಟಳು.

ಬಹುಮಾನದ ಸುದ್ದಿ ಪತ್ರಿಕೆಯಲ್ಲಿ ಬಂದದ್ದೇ ತಡ, ಗೇಟಿಗೆ ಜನ ಬರತೊಡಗಿದರು. ಬೇಲಿಯ ಬಳ್ಳಿಗೆ ಕ್ಯಾನ್ಸರ್ ಗುಣವಾಗುತ್ತದೆ ಎಂದು ತಲೆಬರಹವಿತ್ತಂತೆ. ಕಣದ ವಿಷಯ ಕೊನೆಯ ಸಾಲಿನಲ್ಲಿ ಇತ್ತೋ ಇಲ್ಲವೋ. ಕಾವಲುಗಾರ ಒಂದು ಮಧ್ಯಾಹ್ನ ಬಂದು, "ಯಾರೋ ಬಳ್ಳಿ ಸೊಪ್ಪು ಕೇಳ್ಕೊಂಡು ಬಂದಿದ್ದಾರೆ, ಎಷ್ಟು ಹೇಳಿದ್ರೂ ಹೋಗ್ತಿಲ್ಲ, ನೀವೇ ಬನ್ನಿ," ಎಂದ. ನಡುವಯಸ್ಸಿನ ಗಂಡಸೊಬ್ಬ ನಿಂತಿದ್ದ, ಮೈಮೇಲೆ ಬಸ್ ಡ್ರೈವರನ ಸಮವಸ್ತ್ರ. ಸ್ವಲ್ಪ ದೂರದ ಕಟ್ಟೆಯ ಮೇಲೆ ಅವನ ಹೆಂಡತಿ ಆಸ್ಪತ್ರೆಯ ಕಡತವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಸೊಪ್ಪಿನಮ್ಮ ಗಂಡನನ್ನು ಬಿಟ್ಟು ನೇರ ಹೆಂಡತಿಯ ಹತ್ತಿರ ಹೋಗಿ ಪಕ್ಕದಲ್ಲಿ ಕೂತಳು.

"ಎಷ್ಟು ದೊಡ್ಡದಿದೆಯಂತೆ?"

"ಎರಡೂವರೆ ಸೆಂಟಿಮೀಟರ್ ಅಂದ್ರು."

"ಹಾಗಾದ್ರೆ ಆಪರೇಷನ್ ಮಾಡಿಸ್ಕೊಳಿ. ಈ ಸೊಪ್ಪಿಗೆ ಏನೂ ಆಗಲ್ಲ. ಇದು ನೀರಲ್ಲಿ ಕರಗಲ್ಲ, ಹೊಟ್ಟೇಲಿ ನಿಲ್ಲಲ್ಲ. ನಾನೇ ಕೊಟ್ಟು ನೋಡಿದ್ದೀನಮ್ಮ. ನನ್ನ ಸ್ವಂತ ಅಕ್ಕನಿಗೆ, ನನ್ನ ಕೈಯಾರೆ."

ಹೆಂಗಸು ಕಡತವನ್ನು ಬಿಗಿಯಾಗಿ ಹಿಡಿದುಕೊಂಡಳು. "ಅವರು ಈಗ?"

"ಹೋದಳು."

ಗಂಡ ಅಷ್ಟರಲ್ಲಿ ಹತ್ತಿರ ಬಂದಿದ್ದ. ಎಲ್ಲವನ್ನೂ ಗಮನವಿಟ್ಟು ಕೇಳಿಸಿಕೊಂಡ. ಒಳ್ಳೆಯವನಂತೆ ಕಾಣುತ್ತಿದ್ದ, ಹೆಂಡತಿಯ ಭುಜದ ಮೇಲೆ ಕೈಯಿಟ್ಟಿದ್ದ.

"ಎಷ್ಟು ದಿನ ಕೊಟ್ರಿ?" ಎಂದು ಕೇಳಿದ.

"ಏಳು ತಿಂಗಳು."

"ಹಸೀದಾ, ಒಣಗಿಸಿದ್ದಾ?"

"ಒಣಗಿಸಿದ್ದು."

"ಅದೇ ಮತ್ತೆ," ಎಂದ ಅವನು, ಹೆಂಡತಿಗೆ ಸಮಾಧಾನ ಹೇಳುವವನಂತೆ. "ಒಣಗಿಸಿದ್ರೆ ಸತ್ವ ಎಲ್ಲಿರುತ್ತೆ. ನಾವು ಹಸೀದೇ ಅರೆದು ಕೊಡೋಣ."

ಸೊಪ್ಪಿನಮ್ಮ ಸರ್ಜನ್ನರ ಹೆಸರು, ಕೋಣೆಯ ನಂಬರು ಬರೆದ ಚೀಟಿಯನ್ನು ಆ ಹೆಂಗಸಿನ ಕೈಗೆ ತುರುಕಿದಳು. ಹೆಂಗಸು ಅದನ್ನು ಓದಿದಳು, ಗಂಡನ ಮುಖ ನೋಡಿದಳು, ಮಡಿಸಿ ಕಡತದೊಳಗೆ ಇಟ್ಟಳು. ಗಂಡ ಚೀಲ ಬಿಚ್ಚಿಕೊಂಡು ಬೇಲಿಯ ಕಡೆ ಹೊರಟಿದ್ದ. ಕಾವಲುಗಾರ ತಡೆಯಲಿಲ್ಲ. ರಸ್ತೆಯ ಕಡೆಗೆ ಇಳಿಬಿದ್ದ ಬಳ್ಳಿಗೆ ಯಾರ ಕಾವಲೂ ಇರಲಿಲ್ಲ.